ಕೂಲರಿಗೆ ನೀರು ತುಂಬುವವರು ಯಾರು? ನಿತ್ಯಬಳಕೆಯ ವಸ್ತುಗಳ ವಿನ್ಯಾಸದ ಕುರಿತು ಒಂದು ಚರ್ಚೆ

ವಿನ್ಯಾಸಕಿ, ಕಲಬುರಗಿ

ಕೈಗಾರಿಕಾ ವಿನ್ಯಾಸ ನನ್ನ ವೃತ್ತಿ. ಸದ್ಯ ಕಲಬುರಗಿಯ ಒಂದು ಸಣ್ಣ ತಗಡಿನ ಕಾರ್ಖಾನೆಗಾಗಿ ಮನೆಬಳಕೆಯ ಕೂಲರ್ ಒಂದರ ನಕ್ಷೆ ಸಿದ್ಧಪಡಿಸುತ್ತಿದ್ದೇನೆ. ತಗಡು ಕತ್ತರಿಸುವ ಮುನ್ನ ಅದನ್ನು ಕೊಳ್ಳುವವರು, ತುಂಬುವವರು, ತೊಳೆಯುವವರು, ಬಿಚ್ಚಿ ಕಟ್ಟುವವರು ಎಲ್ಲರ ಮಾತನ್ನೂ ಕೇಳಬೇಕೆಂದು ಈ ಚರ್ಚೆಯನ್ನು ಆರಂಭಿಸಿದ್ದೇನೆ.

ನಮ್ಮ ಭಾಗಕ್ಕೆ ಕೂಲರ್ ಹೇಳಿ ಮಾಡಿಸಿದ ಯಂತ್ರ. ನೀರು ಆವಿಯಾಗುವಾಗ ಗಾಳಿಯ ಶಾಖವನ್ನು ಹೀರಿಕೊಳ್ಳುತ್ತದೆ ಎಂಬ ಒಂದೇ ತತ್ತ್ವದ ಮೇಲೆ ಅದು ನಡೆಯುತ್ತದೆ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 2,400 ಕಿಲೋಜೂಲ್ ಶಾಖ, ಅಂದರೆ ಒಂದು ಯೂನಿಟ್ ವಿದ್ಯುತ್ತಿನ ಮೂರರಲ್ಲಿ ಎರಡು ಪಾಲಿನಷ್ಟು, ಗಾಳಿಯಿಂದ ಕಳೆಯುತ್ತದೆ. ಹೊರಗೆ 42 ಡಿಗ್ರಿ ಬಿಸಿಲಿದ್ದು ಹವೆಯ ತೇವಾಂಶ ಶೇ. 20ರಷ್ಟಿದ್ದರೆ, ಒದ್ದೆ ಬಟ್ಟೆ ಸುತ್ತಿದ ತಾಪಮಾಪಕ ಸುಮಾರು 24 ಡಿಗ್ರಿ ತೋರಿಸುತ್ತದೆ. ಒಳ್ಳೆಯ ಪ್ಯಾಡ್ ಇರುವ ಕೂಲರ್ ಆ ಅಂತರದ ಮುಕ್ಕಾಲು ಪಾಲನ್ನು ಇಳಿಸಿ 28–29 ಡಿಗ್ರಿಯ ಗಾಳಿ ಕೊಡಬಲ್ಲದು. ಮಂಗಳೂರಿನ ಹವೆಯಲ್ಲಿ ಇದೇ ಯಂತ್ರ ಮೈಗೆ ಜಿಗುಟು ಹಿಡಿಸುವುದರ ಹೊರತು ಹೆಚ್ಚೇನೂ ಮಾಡಲಾರದು. ಎ.ಸಿ.ಯ ಮುಂದೆ ಇದಕ್ಕೆ ತಗಲುವ ವಿದ್ಯುತ್ತು ಅತ್ಯಲ್ಪ, ಶೀತಕ ಅನಿಲದ ಗೊಡವೆಯೂ ಇಲ್ಲ. ಹಾಗಾಗಿ ಪರಿಸರಸ್ನೇಹಿ ಎಂಬ ಹಣೆಪಟ್ಟಿ ಕೂಲರಿಗೆ ಸಲೀಸಾಗಿ ಸಿಕ್ಕಿಬಿಡುತ್ತದೆ. ಆದರೆ ಕೆಲವೇ ಬೇಸಿಗೆಗಳಲ್ಲಿ ತಳ ತುಕ್ಕು ಹಿಡಿದು ಇಡೀ ಡಬ್ಬಿ ಭಂಗಾರದ, ಅಂದರೆ ಗುಜರಿಯ, ಅಂಗಡಿಗೆ ಹೋಗುವುದಾದರೆ, ಪಂಪು ಸುಟ್ಟಾಗ ಅದೇ ಅಳತೆಯ ಇನ್ನೊಂದು ಪಂಪು ಸಿಗದೆ ಮನೆಯವರು ಹೊಸ ಕೂಲರನ್ನೇ ತರುವುದಾದರೆ, ಆ ಹಣೆಪಟ್ಟಿಯನ್ನು ನಾನು ನಂಬಲಾರೆ.

ಇನ್ನು ಬಳಕೆದಾರರ ವಿಷಯ. ಅಂಗಡಿಯಲ್ಲಿ ಕೂಲರನ್ನು ಆರಿಸುವವರು ಅದರ ಮುಂದೆ ನಿಂತು ಆರಿಸುತ್ತಾರೆ. ಬೇಸಿಗೆಯುದ್ದಕ್ಕೂ ಅದರೊಡನೆ ಏಗುವವರು ಅದರ ಬಗಲಲ್ಲಿ, ಹಿಂಬದಿಯಲ್ಲಿ ನಿಂತಿರುತ್ತಾರೆ. ಇವರಿಬ್ಬರೂ ಬಹಳ ಮನೆಗಳಲ್ಲಿ ಬೇರೆ ಬೇರೆ ವ್ಯಕ್ತಿಗಳು. ಗಂಟೆಗೆ 2,000 ಘನ ಮೀಟರ್ ಗಾಳಿ ಎಳೆಯುವ ಕೂಲರ್ ಮೇಲೆ ಹೇಳಿದ ಬಿಸಿಲಿನಲ್ಲಿ ಗಂಟೆಗೆ 12 ಲೀಟರ್ ನೀರು ಕುಡಿಯುತ್ತದೆ. ಎಂಟು ಗಂಟೆ ನಡೆದರೆ ಹತ್ತಿರ ಹತ್ತಿರ ನೂರು ಲೀಟರ್ ಆಯಿತು. ಅಷ್ಟನ್ನೂ ಕೊಡದಲ್ಲಿ ಹೊತ್ತು ತುಂಬುವವರು ಮನೆಯ ಹೆಣ್ಣುಮಕ್ಕಳು.

ಬ್ರಹ್ಮಪುರದ ಒಂದು ಮನೆಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಕೂಲರ್ ಕಬ್ಬಿಣದ ಸ್ಟ್ಯಾಂಡಿನ ಮೇಲಿತ್ತು. ನೀರು ಹಾಕುವ ಕಿಂಡಿ ಅಂಗೈಯಷ್ಟು ಅಗಲ, ಅದೂ ಆ ಮನೆಯ ಸೊಸೆಯ ಎದೆಮಟ್ಟದಲ್ಲಿ. ತುಂಬಿದ ಕೊಡವನ್ನು ಅಷ್ಟೆತ್ತರಕ್ಕೆ ಎತ್ತಿ ಬಗ್ಗಿಸಿದರೆ ಕೊಡದ ಬಾಯಿಂದ ಬೀಳುವ ನೀರು ಕಿಂಡಿಗಿಂತ ಅಗಲ. ಅರ್ಧ ನೀರು ತಗಡಿನ ಮೇಲೆ ಹರಿದು ಸ್ವಿಚ್ಚಿನ ಪಟ್ಟಿಯವರೆಗೂ ಬರುತ್ತಿತ್ತು. ಆಕೆ ಐದು ಲೀಟರಿನ ಎಣ್ಣೆ ಕ್ಯಾನಿನ ತಳ ಕೊಯ್ದು, ಅದನ್ನು ಕಿಂಡಿಗೆ ತಲೆಕೆಳಗಾಗಿ ಸಿಕ್ಕಿಸಿ ಆಲಿಕೆ ಮಾಡಿಕೊಂಡಿದ್ದರು. ನಿಮಗೆ ಎಂಥ ಕೂಲರ್ ಬೇಕು ಎಂದು ಕೇಳಿದ್ದರೆ ಜೋರು ಗಾಳಿ ಬರುವಂಥದ್ದು ಎಂದಷ್ಟೇ ಹೇಳುತ್ತಿದ್ದರೇನೋ. ನಾನು ನಕ್ಷೆ ಬರೆಯಲು ಕುಳಿತಾಗ ಮೊದಲು ಅಳತೆ ತೆಗೆದದ್ದು ಆ ಕ್ಯಾನಿನ ಬಾಯಿಯನ್ನು.

ಇಂಥ ವಿನ್ಯಾಸಕ್ಕೆ ಮಾದರಿ ಹುಡುಕಿಕೊಂಡು ಜರ್ಮನಿಗೋ ಜಪಾನಿಗೋ ಹೋಗಬೇಕಾಗಿಲ್ಲ. ನಮ್ಮ ಊರುಗಳ ಬೋರಿಂಗ್, ಅಂದರೆ ಇಂಡಿಯಾ ಮಾರ್ಕ್ 2 ಕೈಪಂಪು, ನೆರೆಯ ಸೊಲ್ಲಾಪುರದಲ್ಲಿ ರೂಪುಗೊಂಡ ಪಂಪಿನಿಂದ ಬೆಳೆದದ್ದು. ಅದಕ್ಕೂ ಮೊದಲು ಹಳ್ಳಿಗಳಲ್ಲಿ ಹಾಕಿದ್ದ ಬೀಡುಕಬ್ಬಿಣದ ಪಂಪುಗಳು ಅಮೆರಿಕ, ಯುರೋಪಿನ ಒಂದೊಂದು ತೋಟದ ಮನೆಗೆಂದು ಮಾಡಿದವುಗಳ ನಕಲು. ಇಡೀ ಊರು ಬೆಳಗಿನಿಂದ ಸಂಜೆಯವರೆಗೆ ಜಗ್ಗಿದಾಗ ಮುರಿದು ಬಿದ್ದವು. 1970ರ ದಶಕದಲ್ಲಿ ಯುನಿಸೆಫ್ ಮತ್ತು ಸರ್ಕಾರ ಸೇರಿ ಸೊಲ್ಲಾಪುರದ ಪಂಪನ್ನು ತಿದ್ದಿ ಮಾರ್ಕ್ 2 ಮಾಡಿದವು. ಅದು ಗಟ್ಟಿಯಾಗಿತ್ತು, ಆದರೆ ಕೆಳಗಿನ ವಾಷರ್ ಸವೆದರೆ ಕೊಳವೆಗಳನ್ನೆಲ್ಲ ಮೇಲೆತ್ತಬೇಕು, ಅದಕ್ಕೆ ತಾಲ್ಲೂಕಿನಿಂದ ಗಾಡಿ, ಸಲಕರಣೆ, ಆಳುಗಳು ಬರಬೇಕು. ಮುಂದೆ ಬಂದ ಮಾರ್ಕ್ 3ರಲ್ಲಿ ಕೊಳವೆಯನ್ನು ಅಗಲ ಮಾಡಿದರು. ಕೊಳವೆಯನ್ನು ಅಲುಗಿಸದೆ ಒಳಗಿನ ಪಿಸ್ಟನ್ನನ್ನು ಅದರ ಮೂಲಕವೇ ಮೇಲಕ್ಕೆ ಎಳೆದುಕೊಂಡು, ಊರಿನ ಮಿಸ್ತ್ರಿಯೇ ವಾಷರ್ ಬದಲಿಸಿ ಮರಳಿ ಇಳಿಸಬಹುದು. ಜಗ್ಗುವವರ ಕೈಗೆ ಹೆಚ್ಚೇನೂ ವ್ಯತ್ಯಾಸ ತಿಳಿಯಲಿಕ್ಕಿಲ್ಲ, ರಿಪೇರಿ ಮಾಡುವವರಿಗೆ ಅದು ಬೇರೆಯೇ ಪಂಪು.

ಕೂಲರಿನಲ್ಲಿ ಅಂಥ ಬದಲಾವಣೆ ಎಲ್ಲಿ ಬೇಕು ಎಂಬುದನ್ನು ನಿಮ್ಮಿಂದ ತಿಳಿಯಬಯಸುತ್ತೇನೆ.

ಗೃಹಿಣಿ, ಶಹಾಪುರ

ಮೇಡಂ, ನೀರು ತುಂಬುವುದನ್ನು ನೀವು ಸರಿಯಾಗಿ ನೋಡಿದ್ದೀರಿ. ಆದರೆ ತುಂಬುವುದಕ್ಕಿಂತ ಹೆಚ್ಚಿನ ಗೋಳು ಖಾಲಿ ಮಾಡುವುದರಲ್ಲಿದೆ. ವಾರಕ್ಕೊಮ್ಮೆ ಕೂಲರ್ ಒಣಗಿಸಬೇಕೆಂದು ಆಶಾ ಕಾರ್ಯಕರ್ತೆಯರು ಬಂದು ಹೇಳಿ ಹೋಗುತ್ತಾರೆ, ಟಾರ್ಚ್ ಬಿಟ್ಟು ಲಾರ್ವಾ ಇದೆಯೇ ಎಂದು ನೋಡುತ್ತಾರೆ. ಒಣಗಿಸುವುದು ಹೇಗೆ ಎಂಬುದು ನಮಗೆ ಬಿಟ್ಟದ್ದು. ನಮ್ಮ ಮನೆಯ ಕೂಲರಿನಲ್ಲಿ ನೀರು ಬಿಡುವ ಬಿರಡೆ ತಳದಿಂದ ಎರಡು ಬೆರಳು ಮೇಲಿದೆ. ಬಿರಡೆ ತೆಗೆದ ಮೇಲೂ ಅಷ್ಟು ನೀರು ಉಳಿಯುತ್ತದೆ, ರಾಡಿಯೂ ಅದರಲ್ಲೇ ಉಳಿಯುತ್ತದೆ. ಕೂಲರನ್ನು ವಾಲಿಸಿ ಚೆಲ್ಲಲು ಇಬ್ಬರು ಬೇಕು, ಇಲ್ಲವಾದರೆ ಹಳೆಯ ಬಟ್ಟೆಯಲ್ಲಿ ಅದ್ದಿ ಅದ್ದಿ ಹಿಂಡಬೇಕು. ಒಳಗೆ ಕೈ ಹಾಕಿದರೆ ತಗಡಿನ ಅಂಚು ಕೊಯ್ಯುತ್ತದೆ.

ಇನ್ನೊಂದು ಮಾತು. ನಳದ ನೀರು ದಿನವೂ ಬರದ ಓಣಿಯಲ್ಲಿ ಒಂದು ತಂಬಿಗೆ ನೀರನ್ನೂ ಮೋರಿಗೆ ಚೆಲ್ಲಲು ಮನಸ್ಸು ಬರುವುದಿಲ್ಲ. ಹೊರಬರುವ ನೀರು ನೇರವಾಗಿ ಬಕೆಟ್ಟಿಗೆ ಬೀಳುವ ಹಾಗಿದ್ದರೆ ಅಂಗಳಕ್ಕೋ ಸಂಡಾಸಿಗೋ ಆಗುತ್ತದೆ. ಈಗಿನ ಬಿರಡೆಯ ಕೆಳಗೆ ಊಟದ ತಾಟು ಕೂಡ ಹಿಡಿಸುವುದಿಲ್ಲ.

ಮಿಸ್ತ್ರಿ, ಕಲಬುರಗಿ

ಸೂಪರ್ ಮಾರ್ಕೆಟಿನ ಹತ್ತಿರ ಮೋಟರ್ ಸುತ್ತುವ ಅಂಗಡಿ ನಮ್ಮದು. ಮಾರ್ಚಿನಿಂದ ಜೂನಿನವರೆಗೆ ಬರುವುದೆಲ್ಲ ಕೂಲರಿನ ಕೆಲಸವೇ. ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

ಕೂಲರ್ ಸಾಯುವುದು ತಳದಿಂದ. ಮೇಲಿನ ಡಬ್ಬಿ, ಜಾಲಿ, ಫ್ಯಾನು ಇನ್ನೂ ಹತ್ತು ವರ್ಷ ಬರುವ ಹಾಗಿರುತ್ತವೆ, ನೀರು ನಿಲ್ಲುವ ತಳದ ತಗಡು ಮಾತ್ರ ತೂತು ಬಿದ್ದಿರುತ್ತದೆ. ಜನ ಎಂ-ಸೀಲ್ ಹಚ್ಚುತ್ತಾರೆ, ಡಾಂಬರು ಬಳಿಯುತ್ತಾರೆ, ಒಂದು ಬೇಸಿಗೆ ನೂಕುತ್ತಾರೆ, ಆಮೇಲೆ ಪೂರ್ತಿ ಕೂಲರನ್ನೇ ಭಂಗಾರಕ್ಕೆ ಹಾಕುತ್ತಾರೆ. ತಳ ಮತ್ತು ಮೇಲಿನ ಡಬ್ಬಿಯನ್ನು ಒಂದೇ ತಗಡಿನಲ್ಲಿ ಮಡಚಿ ಬೆಸುಗೆ ಹಾಕಿರುವುದರಿಂದ ಬೇರೆ ದಾರಿಯೇ ಇಲ್ಲ. ನೀವು ತಳವನ್ನು ಬೇರೆ ತಟ್ಟೆಯಾಗಿ ಮಾಡಿ, ಮೇಲಿನ ಡಬ್ಬಿ ಅದರ ಮೇಲೆ ಕೂರುವ ಹಾಗೆ ನಾಲ್ಕು ಬೋಲ್ಟಿನಲ್ಲಿ ಕಟ್ಟಿದರೆ, ತಟ್ಟೆಯೊಂದನ್ನೇ ಬದಲಿಸಿ ಕೊಡಬಹುದು.

ಬೋಲ್ಟಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಒಂದೇ ಕೂಲರಿನಲ್ಲಿ ಮೂರು ಅಳತೆಯ ಪೇಚು, ಎರಡು ಅಳತೆಯ ಬೋಲ್ಟು, ಕೆಲವು ಕಡೆ ರಿವೆಟ್ಟು. ರಿವೆಟ್ಟು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಅದನ್ನು ಕೊರೆದು ತೆಗೆದರೆ ಮರಳಿ ಮೊದಲಿನ ಹಾಗೆ ಕೂರುವುದಿಲ್ಲ. ಎಲ್ಲವನ್ನೂ 6 ಎಂ.ಎಂ. ಬೋಲ್ಟ್ ಮಾಡಿರಿ, ಹತ್ತು ನಂಬರಿನ ಒಂದು ಪಾನಾ ಸಾಕು, ಅದು ಮೋಟರ್ ಸೈಕಲ್ ಇರುವ ಎಲ್ಲರ ಮನೆಯಲ್ಲಿಯೂ ಇರುತ್ತದೆ.

ಮೂರನೆಯದು ಪ್ರಾಣದ ವಿಷಯ. ಪಂಪು ನೀರಿಲ್ಲದೆ ಓಡಿದರೆ ಬಿಸಿಯಾಗಿ ಸುಡುತ್ತದೆ, ಒಳಗಿನ ತಂತಿಯ ಹೊದಿಕೆ ಕರಗಿ ಕರೆಂಟು ನೀರಿಗೆ, ನೀರಿನಿಂದ ತಗಡಿಗೆ ಬರುತ್ತದೆ. ನೆಲ ಒದ್ದೆ, ಕಾಲು ಬರಿಗಾಲು. ಬಹಳ ಮನೆಗಳಲ್ಲಿ ಮೂರು ಪಿನ್ನಿನ ಪ್ಲಗ್ ಇರುತ್ತದೆ, ಗೋಡೆಯ ಬೋರ್ಡಿನಲ್ಲಿ ಅರ್ಥಿಂಗ್ ತಂತಿಯೇ ಇರುವುದಿಲ್ಲ. ಕೊಡ ಬಗ್ಗಿಸುವ ಕಡೆಯಲ್ಲಿಯೇ ಸ್ವಿಚ್ಚು ಇಡುವ ಕಂಪನಿಗಳಿಗೆ ಏನು ಹೇಳಬೇಕೋ ತಿಳಿಯದು.

ವ್ಯಾಪಾರಿ, ಬೀದರ್

ಎಲ್ಲರೂ ಹೇಳುತ್ತಿರುವುದು ಸರಿಯೇ ಇರಬಹುದು, ಆದರೆ ಅಂಗಡಿಯ ಕಟ್ಟೆಯ ಮೇಲೆ ನಿಂತು ನೋಡಿದರೆ ಚಿತ್ರ ಬೇರೆ. ನನ್ನ ಅಂಗಡಿಗೆ ಬರುವವರು ಮೂರು ಪ್ರಶ್ನೆ ಕೇಳುತ್ತಾರೆ: ಗಾಳಿ ಎಷ್ಟು ದೂರ ಹೋಗುತ್ತದೆ, ಟಾಕಿ ಎಷ್ಟು ಲೀಟರು, ಕೊನೆಯ ರೇಟು ಎಷ್ಟು. ನೀರು ಬಿಡುವ ಬಿರಡೆ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ತಳದ ತಟ್ಟೆ ಬೇರೆ, ಬೋಲ್ಟು ಬೇರೆ ಎಂದು ನೀವು ಮುನ್ನೂರು ರೂಪಾಯಿ ಹೆಚ್ಚಿಸಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಅದಲ್ಲದೆ ಈಗಿನ ಜನ ಪ್ಲಾಸ್ಟಿಕ್ ಮೈಯ ಕೂಲರನ್ನೇ ಇಷ್ಟಪಡುತ್ತಾರೆ. ತುಕ್ಕು ಹಿಡಿಯುವುದಿಲ್ಲ, ಕರೆಂಟು ಹೊಡೆಯುವ ಭಯ ಕಡಿಮೆ, ಗಾಲಿ ಇರುತ್ತದೆ, ನೋಡಲು ಚಂದ. ತಗಡಿನ ಕೂಲರನ್ನು ಸುಧಾರಿಸಲು ಇಷ್ಟು ತಲೆ ಕೆಡಿಸಿಕೊಳ್ಳುವ ಬದಲು ಪ್ಲಾಸ್ಟಿಕ್ಕಿಗೆ ಹೋಗಬಾರದೇಕೆ?

ಉಪನ್ಯಾಸಕ, ಬೀದರ್

ನಾನು ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಮಾಡುವವನು. ಇಲ್ಲಿಯವರೆಗೆ ಯಾರೂ ಎತ್ತದ ಎರಡು ವಿಷಯಗಳಿವೆ.

ಮೊದಲನೆಯದು ಗಡಸು ನೀರು. ಆವಿಯಾಗುವುದು ನೀರು ಮಾತ್ರ, ಅದರಲ್ಲಿರುವ ಲವಣವಲ್ಲ. ಲೀಟರಿಗೆ 1,000 ಮಿಲಿಗ್ರಾಂ ಲವಣವಿರುವ ಬೋರ್‌ವೆಲ್ ನೀರನ್ನು ದಿನಕ್ಕೆ 80 ಲೀಟರ್ ಆವಿ ಮಾಡಿದರೆ 80 ಗ್ರಾಂ ಲವಣ ಕೂಲರಿನೊಳಗೆ ಉಳಿಯುತ್ತದೆ, ಹತ್ತು ದಿನಕ್ಕೆ ಮುಕ್ಕಾಲು ಕಿಲೋ ಮೀರುತ್ತದೆ. ಪ್ಯಾಡಿನ ಮೇಲೆ ಬಿಳಿಯ ಪದರ ಕಟ್ಟುವುದು, ಪಂಪಿನ ಬಾಯಿ ಕಟ್ಟುವುದು, ಮಿಸ್ತ್ರಿಯವರು ಹೇಳಿದ ತಳದ ತುಕ್ಕು, ಈ ಎಲ್ಲದರ ಹಿಂದೆ ಇರುವುದು ಆ ಲವಣವೇ. ಶಹಾಪುರದ ಅಕ್ಕನವರು ಹೇಳಿದ ಎರಡು ಬೆರಳು ನೀರು ಇಡೀ ಟಾಕಿಯಲ್ಲಿ ಅತಿ ಹೆಚ್ಚು ಉಪ್ಪಾಗಿರುವ ನೀರು. ಸೊಳ್ಳೆಯ ದೃಷ್ಟಿಯಿಂದಲೂ ಅದು ಅಪಾಯವೇ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವ ಹಂತಕ್ಕೆ ಬೇಸಿಗೆಯಲ್ಲಿ ಏಳರಿಂದ ಹತ್ತು ದಿನಗಳಲ್ಲಿ ಬೆಳೆಯುತ್ತದೆ. ವಾರಕ್ಕೊಮ್ಮೆ ಒಣಗಿಸಿ ಎಂಬ ಸೂಚನೆಯ ಹಿಂದಿನ ಲೆಕ್ಕ ಅದು. ಅದರ ಮೊಟ್ಟೆಗಳು ನೀರಿನ ಅಂಚಿಗಿಂತ ಮೇಲೆ ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತವೆಯಾದ್ದರಿಂದ, ನೀರು ಚೆಲ್ಲಿದರೆ ಸಾಲದು, ಒಳಗೋಡೆಯನ್ನು ತಿಕ್ಕಬೇಕು. ತಿಕ್ಕಲು ಕೈ ಹೋಗಬೇಕು. ಕೈ ಹೋಗದ ಟಾಕಿ ಎಷ್ಟು ಚಂದವಿದ್ದರೇನು?

ಈ ವಿಷಯದಲ್ಲಿ ನಮ್ಮ ಬೀದರಿನ ಹಿರಿಯರು ಚೆನ್ನಾಗಿ ಯೋಚಿಸಿದ್ದರು. ಬಹಮನಿ ಕಾಲದ ನೌಬಾದ್ ಕರೇಜನ್ನು, ಅಂದರೆ ನೆಲದಡಿಯಲ್ಲಿ ನೀರು ಹರಿಸುವ ಕಾಲುವೆಯನ್ನು, ನೋಡಿದವರಿಗೆ ಗೊತ್ತು, ನೆಲದಡಿಯ ಸುರಂಗದ ಉದ್ದಕ್ಕೂ ಅಲ್ಲಲ್ಲಿ ಬಾವಿಯಂಥ ಕಿಂಡಿಗಳಿವೆ. ಸುರಂಗ ತೋಡುವಾಗ ಮಣ್ಣು ಎತ್ತಲು, ಗಾಳಿ ಆಡಲು, ಮುಂದೆ ಹೂಳು ತೆಗೆಯಲು ಇಳಿಯುವವರಿಗೆ ಅವೇ ದಾರಿ.

ಎರಡನೆಯದು ಮೋಟರ್. ಮಾಮೂಲಿ ಫ್ಯಾನ್ ಮೋಟರ್ 180 ವಾಟ್ ಎಳೆಯುತ್ತದೆ ಎಂದುಕೊಳ್ಳೋಣ. ಅಷ್ಟೇ ಗಾಳಿ ಕೊಡುವ ಬಿ.ಎಲ್.ಡಿ.ಸಿ. (ಬ್ರಷ್ ಇಲ್ಲದ ಡಿ.ಸಿ.) ಮೋಟರ್ ಅದರ ಅರ್ಧದಷ್ಟರಲ್ಲಿ ನಡೆಯುತ್ತದೆ. ದಿನಕ್ಕೆ ಎಂಟು ಗಂಟೆಯಂತೆ ನೂರು ದಿನ ಓಡಿಸಿದರೆ 144 ಯೂನಿಟ್ಟಿನ ಬದಲು 72. ಸುಸ್ಥಿರ ವಿನ್ಯಾಸವೆನ್ನುವವರು ಇದನ್ನು ಬಿಡುವ ಹಾಗಿಲ್ಲ.

ಮಿಸ್ತ್ರಿ, ಕಲಬುರಗಿ

ಸರ್, ನಿಮ್ಮ ಲೆಕ್ಕ ಸರಿ. ಆದರೆ ಆ ಮೋಟರಿನೊಳಗೆ ಒಂದು ಸರ್ಕ್ಯೂಟ್ ಬೋರ್ಡ್ ಇರುತ್ತದೆ. ಬೇಸಿಗೆಯಲ್ಲಿ ವೋಲ್ಟೇಜ್ ಏರಿಳಿದರೆ ಮೊದಲು ಹೋಗುವುದು ಅದೇ. ಅದು ಹೋದರೆ ಕಂಪನಿಯಿಂದಲೇ ತರಿಸಬೇಕು, ಬರುವುದರೊಳಗೆ ಮಳೆಗಾಲ. ತಾಮ್ರದ ಮೋಟರ್ ಸುಟ್ಟರೆ ಬೆಳಿಗ್ಗೆ ತಂದು ಕೊಟ್ಟವರಿಗೆ ಸಂಜೆಗೆ ಸುತ್ತಿ ಕೊಡುತ್ತೇನೆ. ಹಳೆಯ ತಾಮ್ರಕ್ಕೂ ಬೆಲೆಯಿದೆ. ಅಫಜಲಪುರ, ಜೇವರ್ಗಿ, ಚಿಂಚೋಳಿ ಎಲ್ಲಿ ಹೋದರೂ ಮೋಟರ್ ಸುತ್ತುವವನು ಒಬ್ಬನಾದರೂ ಸಿಗುತ್ತಾನೆ, ಬೋರ್ಡ್ ತಿದ್ದುವವನು ಸಿಗುವುದಿಲ್ಲ.

ಉಪನ್ಯಾಸಕ, ಬೀದರ್

ಒಪ್ಪುತ್ತೇನೆ, ಆದರೆ ಅದು ಮೋಟರಿನ ದೋಷವಲ್ಲ, ಬಿಡಿಭಾಗ ಮತ್ತು ಸರ್ಕ್ಯೂಟಿನ ನಕ್ಷೆಯನ್ನು ತಮ್ಮಲ್ಲೇ ಇಟ್ಟುಕೊಳ್ಳುವ ತಯಾರಕರ ದೋಷ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಿಪೇರಿಯ ಹಕ್ಕಿಗೆಂದು ಜಾಲತಾಣವೊಂದನ್ನು ತೆರೆದು, ಕೃಷಿ ಉಪಕರಣ, ಮೊಬೈಲ್, ವಾಹನಗಳ ಜೊತೆಗೆ ಗೃಹೋಪಯೋಗಿ ವಸ್ತುಗಳನ್ನೂ ಅದರ ವ್ಯಾಪ್ತಿಗೆ ತಂದಿತು. ಫ್ರಾನ್ಸಿನಲ್ಲಿ 2021ರಿಂದ ಕೆಲವು ವಸ್ತುಗಳ ಮೇಲೆ ರಿಪೇರಿಯ ಸುಲಭತೆಗೆ ಹತ್ತಕ್ಕೆ ಎಷ್ಟು ಅಂಕ ಎಂದು ಮುದ್ರಿಸಲೇಬೇಕು. ಅಂಥ ಅಂಕ ಇಲ್ಲಿಯೂ ಬಂದರೆ ಬೀದರಿನ ವ್ಯಾಪಾರಿಗಳ ಗಿರಾಕಿ ನಾಲ್ಕನೆಯ ಪ್ರಶ್ನೆಯನ್ನೂ ಕೇಳಿಯಾನು.

ವಿದ್ಯಾರ್ಥಿ, ಕಲಬುರಗಿ

ಬಾಡಿಗೆ ಕೋಣೆಯಲ್ಲಿರುವ ನಮ್ಮಂಥವರ ಲೆಕ್ಕವನ್ನೂ ಹಿಡಿಯಿರಿ. ಮೂರನೆಯ ಮಹಡಿಗೆ ಕೂಲರ್ ಹೊತ್ತುಕೊಂಡು ಹೋಗಬೇಕು, ಓದು ಮುಗಿದ ಮೇಲೆ ಕಿರಿಯರಿಗೆ ಮಾರಿ ಹೋಗಬೇಕು. ನಾನು ಬಳಸುತ್ತಿರುವುದು ಹೀಗೆ ಕೈ ಬದಲಾಯಿಸುತ್ತ ಬಂದ ಕೂಲರ್. ತಳ ಬಿಚ್ಚಿ ಎರಡು ಭಾಗ ಮಾಡಿ ಒಯ್ಯುವಂತಿದ್ದರೆ ಒಬ್ಬನೇ ಎರಡು ಸಲ ಹತ್ತಿ ಸಾಗಿಸಬಹುದು. ಪ್ಲಾಸ್ಟಿಕ್ ಕೂಲರುಗಳು ಹಗುರವಿರುವುದು ನಿಜ, ಆದರೆ ಹಿಂಬದಿಯ ಕೊಂಡಿ ಒಮ್ಮೆ ಮುರಿದರೆ ದಾರ ಕಟ್ಟಿಯೇ ನಡೆಸಬೇಕು.

ವಿನ್ಯಾಸಕಿ, ಕಲಬುರಗಿ

ಎಲ್ಲರಿಗೂ ಉತ್ತರ ಕೊಡುವುದು ದೀರ್ಘವಾದೀತು, ಆದರೆ ನಕ್ಷೆಯಲ್ಲಿ ಏನು ಬದಲಾಗುತ್ತಿದೆ ಎಂಬುದನ್ನು ಹೇಳಲೇಬೇಕು.

ತಳವನ್ನು ಬೇರ್ಪಡಿಸುವ ಮಿಸ್ತ್ರಿಯವರ ಸಲಹೆಯನ್ನು ಹಾಗೆಯೇ ತೆಗೆದುಕೊಂಡಿದ್ದೇನೆ. ವ್ಯಾಪಾರಿಗಳು ಕೇಳಿದ ಪ್ಲಾಸ್ಟಿಕ್ಕಿನ ಪ್ರಶ್ನೆಗೂ ಅದರಲ್ಲೇ ಉತ್ತರವಿದೆ: ನೀರು ನಿಲ್ಲುವ ತಟ್ಟೆ ಪಾಲಿಪ್ರೊಪಿಲೀನಿನದು, ಮೇಲಿನ ಡಬ್ಬಿ ಸತುವಿನ ಲೇಪವಿರುವ ತಗಡು. ಉಪ್ಪುನೀರು ತಗಲುವ ಕಡೆ ತಗಡು ಇರುವುದಿಲ್ಲ. ಬಿಸಿಲು ಬೀಳುವ ಕಡೆ ಪ್ಲಾಸ್ಟಿಕ್ ಇರುವುದಿಲ್ಲ. ಕಿಟಕಿಯ ಹೊರಗೆ ಕೂರಿಸಿದ ಪ್ಲಾಸ್ಟಿಕ್ ಮೈ ನಮ್ಮ ಬಿಸಿಲಿಗೆ ಪೆಡಸಾಗಿ, ಮೊದಲು ಮುರಿಯುವುದು ವಿದ್ಯಾರ್ಥಿಯವರು ಹೇಳಿದಂಥ ಕೊಂಡಿಗಳೇ. ಇಡೀ ಮೈಗೆ ಪ್ಲಾಸ್ಟಿಕ್ ಅಚ್ಚು ಮಾಡಿಸುವ ಬಂಡವಾಳ ಸಣ್ಣ ಕಾರ್ಖಾನೆಗಳಲ್ಲಿ ಇರುವುದಿಲ್ಲ, ತಟ್ಟೆಯೊಂದರ ಅಚ್ಚಾದರೆ ನಿಭಾಯಿಸಬಹುದು. ಎರಡು ವಸ್ತುಗಳನ್ನು ಅಂಟು ಹಾಕಿ ಬೆಸೆಯದೆ ಬೋಲ್ಟಿನಿಂದಷ್ಟೇ ಕೂಡಿಸುವುದರಿಂದ, ಕೊನೆಗೆ ಭಂಗಾರದವರು ತಗಡನ್ನೂ ಪ್ಲಾಸ್ಟಿಕ್ಕನ್ನೂ ಬೇರೆ ಬೇರೆಯಾಗಿ ತೂಗಿ ಹಣ ಕೊಡುತ್ತಾರೆ.

ತಟ್ಟೆಯ ತಳ ಒಂದು ಮೂಲೆಗೆ ಇಳಿಜಾರಾಗಿರುತ್ತದೆ, ನೀರು ಬಿಡುವ ನಳ ಆ ಮೂಲೆಯ ಅತ್ಯಂತ ತಗ್ಗಿನಲ್ಲಿರುತ್ತದೆ. ಒಂದು ಬದಿಯ ಪ್ಯಾಡನ್ನು ಪಾನಾ ಇಲ್ಲದೆ ಮೇಲೆತ್ತಿ ತೆಗೆದರೆ ಮೊಣಕೈವರೆಗೂ ಒಳಗೆ ಹೋಗುವಷ್ಟು ಜಾಗ ಸಿಗುತ್ತದೆ. ಆ ಬದಿಯ ತಗಡಿನ ಅಂಚನ್ನೆಲ್ಲ ಒಳಕ್ಕೆ ಮಡಚಲು ಹೇಳಿದ್ದೇನೆ.

ನೀರು ಹಾಕುವ ಬಾಯಿಯ ಎತ್ತರದ ಬಗ್ಗೆ ಒಂದು ಮಾತು. ನಮ್ಮ ವೃತ್ತಿಯಲ್ಲಿ ಸರಾಸರಿ ಎತ್ತರಕ್ಕೆ ಅಳತೆ ಹಿಡಿಯುವುದಿಲ್ಲ; ಎತ್ತಿ ಸುರಿಯುವ ಕೆಲಸವಿದ್ದರೆ ನೂರರಲ್ಲಿ ಅತಿ ಕುಳ್ಳಗಿರುವ ಐದು ಜನರಿಗೆ ಒಗ್ಗುವ ಹಾಗೆ ಹಿಡಿಯುತ್ತೇವೆ, ಉಳಿದವರಿಗೆ ಅದು ತಾನಾಗಿಯೇ ಸುಲಭವಾಗುತ್ತದೆ. ಆದ್ದರಿಂದ ಬಾಯಿಯನ್ನು ತಟ್ಟೆಯ ಭಾಗದಲ್ಲಿಯೇ, ಸ್ಟ್ಯಾಂಡಿನ ಮೇಲಿಟ್ಟಾಗಲೂ ಸೊಂಟದ ಮಟ್ಟ ಮೀರದಂತೆ, ಕೊಡದ ಧಾರೆಗಿಂತ ಅಗಲವಾದ ಹೊರಚಾಚಿದ ತೊಟ್ಟಿಯಂತೆ ಮಾಡುತ್ತಿದ್ದೇನೆ. ಬಳಸದಾಗ ಸೊಳ್ಳೆ ಹೋಗದಂತೆ ಅದಕ್ಕೆ ಮುಚ್ಚಳವಿರುತ್ತದೆ. ಸ್ವಿಚ್ಚು ಎದುರು ಬದಿಯ ಮೇಲ್ಭಾಗಕ್ಕೆ ಹೋಗುತ್ತದೆ. ನೀರು ತಗ್ಗಿದರೆ ಪಂಪು ತಾನೇ ನಿಲ್ಲುವಂತೆ ತೇಲುವ ಸ್ವಿಚ್ ಹಾಕುತ್ತೇವೆ. ಮನೆಯಲ್ಲಿ ಅರ್ಥಿಂಗ್ ಇಲ್ಲದಿದ್ದರೆ ಮಾತ್ರ ಕೂಲರಿನ ವಿನ್ಯಾಸದಿಂದ ಪೂರ್ತಿ ರಕ್ಷಣೆ ಸಾಧ್ಯವಿಲ್ಲ. 30 ಮಿಲಿ ಆಂಪಿಯರ್ ಸೋರಿಕೆಗೆ ಕರೆಂಟು ಕಡಿಯುವ ಆರ್.ಸಿ.ಸಿ.ಬಿ.ಯನ್ನು ಮನೆಯ ಬೋರ್ಡಿನಲ್ಲಿ ಹಾಕಿಸಿಕೊಳ್ಳಬೇಕೆಂದು ಕೂಲರಿನ ಮೈಮೇಲೆಯೇ ಕನ್ನಡ ಮತ್ತು ಉರ್ದುವಿನಲ್ಲಿ ಅಚ್ಚು ಹಾಕಿಸುತ್ತೇವೆ.

ಮೋಟರಿನ ವಿಷಯದಲ್ಲಿ ನಾನು ಸದ್ಯಕ್ಕೆ ಮಿಸ್ತ್ರಿಯವರ ಪಕ್ಷ. 72 ಯೂನಿಟ್ ಉಳಿತಾಯ ಸಣ್ಣದಲ್ಲ, ಆದರೆ 2023ರ ಆಗಸ್ಟಿನಲ್ಲಿ ನಮ್ಮ ಕಲಬುರಗಿಯಲ್ಲಿಯೇ ಚಾಲನೆಗೊಂಡ ಗೃಹಜ್ಯೋತಿಯಿಂದ ಬಹಳ ಮನೆಗಳಿಗೆ ಜೆಸ್ಕಾಂ ಬಿಲ್ಲೇ ಇಲ್ಲದಿರುವಾಗ, ಆ ಉಳಿತಾಯಕ್ಕಾಗಿ ಹೆಚ್ಚು ಹಣ ಕೊಡುವವರು ಕಡಿಮೆ. ಹೀಗಾಗಿ ಮೋಟರ್ ಕೂರಿಸುವ ಚೌಕಟ್ಟಿನಲ್ಲಿ ಎರಡೂ ಬಗೆಯ ಮೋಟರಿಗೆ ರಂಧ್ರ ಬಿಟ್ಟಿದ್ದೇನೆ. ಬೋರ್ಡ್ ತಿದ್ದುವವರು ಜೇವರ್ಗಿಯಲ್ಲಿಯೂ ಸಿಗುವ ಕಾಲಕ್ಕೆ ಅದೇ ಡಬ್ಬಿಯಲ್ಲಿ ಹೊಸ ಮೋಟರ್ ಕೂರಲಿ.

ವ್ಯಾಪಾರಿ, ಬೀದರ್

ತಳದ ತಟ್ಟೆಯನ್ನು ಬಿಡಿಯಾಗಿ ನನ್ನ ಅಂಗಡಿಗೂ ಕೊಡುತ್ತೀರಾದರೆ ನನ್ನ ತಕರಾರು ಅರ್ಧ ಇಳಿಯುತ್ತದೆ. ಹೊಸ ಕೂಲರಿನ ಮೇಲೆ ಸಿಗುವ ಲಾಭಕ್ಕಿಂತ ಪ್ಯಾಡು, ಪಂಪು ಮಾರಿದ್ದರಲ್ಲಿ ಸಿಗುವುದು ನಿಶ್ಚಿತ ಲಾಭ, ಗಿರಾಕಿಯೂ ಮರಳಿ ಬರುತ್ತಾನೆ. ಆದರೆ ತಟ್ಟೆಯ ಅಳತೆಯನ್ನು ವರ್ಷ ವರ್ಷ ಬದಲಿಸಬೇಡಿರಿ. ಹೋದ ವರ್ಷದ ಮಾದರಿಗೆ ಈ ವರ್ಷದ ಪ್ಯಾಡು ಕೂರದೆ ನನ್ನ ಗೋದಾಮಿನಲ್ಲಿ ಬಿದ್ದಿರುವ ಮಾಲನ್ನು ನೋಡಿದರೆ ನಿಮಗೇ ತಿಳಿಯುತ್ತದೆ.

ಉಳಿದರ್ಧ ತಕರಾರು ಬೆಲೆಯದು, ಅದು ಹಾಗೆಯೇ ಇದೆ.

ಗೃಹಿಣಿ, ಶಹಾಪುರ

ನೀರು ಬಿಡುವ ನಳದ ಕೆಳಗೆ ಬಕೆಟ್ ಹಿಡಿಸುವ ಜಾಗದ ಬಗ್ಗೆ ಮೇಡಂ ಏನೂ ಹೇಳಲಿಲ್ಲ. ಬಾಯಿಯನ್ನು ಕೆಳಗೆ ತಂದರೆ ಸ್ಟ್ಯಾಂಡೂ ಗಿಡ್ಡವಾಗುತ್ತದೆ, ಆಗ ಬಕೆಟ್ ಎಲ್ಲಿ ಇಡುವುದು?

ವಿನ್ಯಾಸಕಿ, ಕಲಬುರಗಿ

ಅಕ್ಕನವರೇ, ಅದು ನಿಜವಾದ ತೊಡಕು. ಸ್ಟ್ಯಾಂಡನ್ನು ಎತ್ತರಿಸಿದರೆ ಕೊಡ ಎತ್ತುವುದು ಕಷ್ಟ, ತಗ್ಗಿಸಿದರೆ ಬಕೆಟ್ ಹಿಡಿಸುವುದಿಲ್ಲ. ನಳಕ್ಕೆ ಪೈಪು ಸಿಕ್ಕಿಸಿ ಅಂಗಳಕ್ಕೋ ಬಚ್ಚಲಿಗೋ ಒಯ್ಯುವುದೇ ಈಗ ಹೊಳೆಯುತ್ತಿರುವ ದಾರಿ. ನಳದ ಅಳತೆಯನ್ನು ಯಾವುದಕ್ಕೆ ಹಿಡಿಯಬೇಕೆಂದು ಮಿಸ್ತ್ರಿಯವರು ಹೇಳಬೇಕು.

ಮಿಸ್ತ್ರಿ, ಕಲಬುರಗಿ

ಅರ್ಧ ಇಂಚು. ನಲ್ಲಿ ಸಾಮಾನು ಮಾರುವ ಅಂಗಡಿಯಲ್ಲೆಲ್ಲ ಅದರ ನಳ ಸಿಗುತ್ತದೆ, ಮನೆಯಲ್ಲಿರುವ ಹಸಿರು ಪೈಪೂ ಅದಕ್ಕೆ ಕೂರುತ್ತದೆ. ನಳವನ್ನು ತಟ್ಟೆಯ ಜೊತೆಗೇ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ಯಿಸಬೇಡಿರಿ, ಹಿತ್ತಾಳೆಯ ಚೂಡಿ, ಅಂದರೆ ತಿರುಪಿನ ಬಳೆ, ಕೂರಿಸಿ ಬಿಡಿರಿ. ನಳ ಸೋರಿದರೆ ನಳವೊಂದನ್ನೇ ತಿರುಗಿಸಿ ತೆಗೆದು ಬೇರೆ ಹಾಕಿಕೊಳ್ಳುತ್ತಾರೆ, ನನ್ನ ಅಂಗಡಿಗೂ ಬರಬೇಕಾಗಿಲ್ಲ. ಮೊದಲ ಕೂಲರ್ ತಯಾರಾದಾಗ ಬಣ್ಣ ಹೊಡೆಯುವ ಮುಂಚೆ ಅಂಗಡಿಗೆ ತನ್ನಿರಿ, ಒಮ್ಮೆ ಪೂರ್ತಿ ಬಿಚ್ಚಿ ಕಟ್ಟಿ ನೋಡೋಣ.